ಬೆಲೆಗಿಂತ ಮೊದಲು ಕಾಗದ ಕೇಳಿದ ಬ್ರೋಕರ್: ಮುಲುಂಡಿನ ಒಂದು ಮನೆ ಮಾರಾಟದ ಪ್ರಕರಣ

ಸೋದರತ್ತೆಯ ಗೋದ್ರೆಜ್ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಕಾಗದ ಇತ್ತು. ಸೊಸೈಟಿಯ ಶೇರ್ ಸರ್ಟಿಫಿಕೇಟ್. 50 ರೂಪಾಯಿಯ 5 ಶೇರು, ಒಟ್ಟು 250 ರೂಪಾಯಿ. ಮುಂಬಯಿಯ ಹಳೆಯ ಹೌಸಿಂಗ್ ಸೊಸೈಟಿಯಲ್ಲಿ ಮನೆ ನಿಮ್ಮದು ಅನ್ನುವುದಕ್ಕೆ ಈ ಕಾಗದ ಬೇಕು, ಜೊತೆಗೆ ಬಿಲ್ಡರ್ ಹತ್ತಿರ ಮಾಡಿಕೊಂಡ ಅಗ್ರಿಮೆಂಟ್ ಬೇಕು. ಮನೆ ಮಾರಲು ಹೊರಟು ಐದು ತಿಂಗಳಾಗಿತ್ತು. ಇಬ್ಬರು ಬ್ರೋಕರ್‌ಗಳು ಬಂದು ಹೋಗಿದ್ದರು. ಆ ಕವರ್ ಬಿಚ್ಚಿ ತೋರಿಸಿ ಎಂದು ಇಬ್ಬರೂ ಕೇಳಿರಲಿಲ್ಲ. ಮೂರನೆಯವರು ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತು, ನೀರು ಕುಡಿದು, ಮೊದಲು ಕೇಳಿದ್ದೇ ಅದನ್ನು.

ಇದನ್ನು ಬರೆಯಲು ಒಂದು ಕಾರಣ ಇದೆ. ಮುಂಬಯಿಯಲ್ಲಿ ದುಡಿದು ಮನೆ ಮಾಡಿದ ನಮ್ಮ ಕಡೆಯ ಎಷ್ಟೋ ಜನ ಈಗ ಅರವತ್ತು ದಾಟಿದ್ದಾರೆ. ಮಕ್ಕಳು ಬೇರೆ ಬೇರೆ ಊರಿನಲ್ಲಿ. ಇಲ್ಲಿಯ ಮನೆ ಮಾರಿ ಊರಿಗೆ ಹೋಗೋಣ ಎಂಬ ಮಾತು ಪ್ರತಿ ಮನೆಯಲ್ಲೂ ನಡೆಯುತ್ತಿದೆ. ಜನ್ಮದಲ್ಲಿ ಒಂದೇ ಸಲ ಮಾಡುವ ಕೆಲಸ ಇದು. ಅಭ್ಯಾಸ ಮಾಡಿಕೊಳ್ಳಲು ಅವಕಾಶವೇ ಇಲ್ಲ. ನಾವು ಎಡವಿದ ಜಾಗ ಇನ್ನೊಬ್ಬರಿಗೆ ಕಾಣಲಿ ಎಂದು ಬರೆಯುತ್ತಿದ್ದೇನೆ.

ಮನೆ, ಮನೆಯವರು

ಮುಲುಂಡ್ ಪೂರ್ವ. ಸ್ಟೇಶನ್ನಿನಿಂದ ನಡೆದರೆ ಹನ್ನೆರಡು ನಿಮಿಷ. ನಾಲ್ಕು ಮಹಡಿಯ ಸೊಸೈಟಿ, ಲಿಫ್ಟ್ ಇಲ್ಲ, ಎರಡನೇ ಮಹಡಿಯಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ಮಾವ ಇದನ್ನು 1991ರಲ್ಲಿ ತೆಗೆದುಕೊಂಡರು. ಆಫೀಸಿನ ಸಾಲ, ಪಿ.ಎಫ್. ಹಣ, ಅತ್ತೆಯ ಎರಡು ಬಳೆ, ಎಲ್ಲ ಸೇರಿದ್ದು ಆ ಗೋಡೆಗಳಲ್ಲಿ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಇದ್ದರು. ಅವರ ಮಕ್ಕಳು ಇಬ್ಬರು: ಭಾವ ಪುಣೆಯಲ್ಲಿ, ಅತ್ತಿಗೆ ಹುಬ್ಬಳ್ಳಿಯಲ್ಲಿ. ನಾನು ಠಾಣೆಯಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹತ್ತಿರದಲ್ಲಿ ಇರುವವನು ನಾನೇ ಆದ್ದರಿಂದ ಓಡಾಟ ನನ್ನ ಪಾಲಿಗೆ ಬಂತು.

2023ರ ಗಣಪತಿ ಹಬ್ಬ ಮುಗಿದ ಮೇಲೆ ಅತ್ತೆ ನಿರ್ಧಾರ ಮಾಡಿದರು. "ಮೊಣಕಾಲು ಕೇಳೂದಿಲ್ಲ ತಮಾ. ಎರಡು ಮಾಳಿಗೆ ಹತ್ತಿ ಇಳಿದು ಎಷ್ಟು ದಿವ್ಸ ಮಾಡೂದು? ಕುಮಟೆಯಲ್ಲಿ ನೆಲದ ಮೇಲೊಂದು ಸಣ್ಣ ಮನೆ ಸಾಕು." ಅವರಿಗೆ ಬೇಕಾಗಿದ್ದು ಎರಡೇ. ಹಣ ಪೂರ್ತಿ ಬ್ಯಾಂಕಿನ ಮೂಲಕ ಬರಬೇಕು. ಮಳೆಗಾಲದ ಒಳಗೆ ಕೆಲಸ ಮುಗಿಯಬೇಕು.

ಮೊದಲನೆಯವರು: ನಮ್ಮವರು

ಮೊದಲು ಹೇಳಿದ್ದು ನಮ್ಮ ಊರ ಕಡೆಯವರೊಬ್ಬರಿಗೆ. ಸಂಘದ ಕಾರ್ಯಕ್ರಮದಲ್ಲಿ ಪರಿಚಯ ಆದವರು. ಇನ್ಶೂರೆನ್ಸ್ ಮಾಡುತ್ತಾರೆ, ಜೊತೆಗೆ ಮೀರಾ ರೋಡ್ ಕಡೆ ಮನೆ ಕೊಡಿಸುವ ಕೆಲಸವೂ ಇದೆ. ಕನ್ನಡ ಮಾತಾಡುತ್ತಾರೆ, "ಅಕ್ಕಾ" ಎಂದು ಕರೆಯುತ್ತಾರೆ, ಮೋಸ ಮಾಡುವುದಿಲ್ಲ ಎಂಬ ಧೈರ್ಯ. ಅತ್ತೆಗೆ ಅಷ್ಟು ಸಾಕಾಯಿತು. ನನಗೂ ಬೇಡ ಅನ್ನಿಸಲಿಲ್ಲ.

ಅವರು ನಿಜವಾಗಿಯೂ ಮೋಸ ಮಾಡಲಿಲ್ಲ. ಆದರೆ ಎರಡು ತಿಂಗಳಲ್ಲಿ ಮೂರೇ ಜನ ನೋಡಲು ಬಂದರು. ಮೂವರೂ ಮೀರಾ ರೋಡ್, ಭಾಯಂದರ್ ಕಡೆಯವರು. ಪಶ್ಚಿಮ ರೈಲ್ವೆಯ ಜನ. ಅವರಿಗೆ ಮುಲುಂಡ್ ಯಾಕೆ ಬೇಕು? ಮುಲುಂಡಿನ ಮನೆ ಕೊಳ್ಳುವವರು ಸಾಮಾನ್ಯವಾಗಿ ಮುಲುಂಡಿನಲ್ಲೇ ಬಾಡಿಗೆಗೆ ಇರುತ್ತಾರೆ. ಇಲ್ಲವೇ ಭಾಂಡುಪ್, ಠಾಣೆಯಲ್ಲಿ ಇದ್ದು ಮಕ್ಕಳ ಶಾಲೆಗೋ ಅಪ್ಪ ಅಮ್ಮನ ಹತ್ತಿರ ಇರುವುದಕ್ಕೋ ಇಲ್ಲಿಗೆ ಬರಲು ನೋಡುತ್ತಿರುತ್ತಾರೆ. ಅಂಥವರ ಫೋನ್ ನಂಬರ್ ಯಾರ ಹತ್ತಿರ ಇದೆಯೋ ಅವರೇ ಬ್ರೋಕರ್. ನಮ್ಮವರ ಹತ್ತಿರ ಅದು ಇರಲಿಲ್ಲ. ಒಳ್ಳೆಯ ಮನುಷ್ಯ, ತಪ್ಪು ಜಾಗ. ದೀಪಾವಳಿಗೆ ಅವರೇ ಬಂದು, "ಅಕ್ಕಾ, ಇದು ನನ್ನ ಕೈಯಲ್ಲಿ ಆಗುವಂತೆ ಕಾಣೂದಿಲ್ಲ" ಎಂದು ಹೇಳಿ ಹೋದರು. ಹಾಗೆ ಬಾಯಿಬಿಟ್ಟು ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ಗೌರವ ಇದೆ.

ಎರಡನೆಯವರು: ಒಂದೂಕಾಲು ಕೋಟಿ

ಸ್ಟೇಶನ್ ಹತ್ತಿರ ಗಾಜಿನ ಬಾಗಿಲಿನ ಆಫೀಸು. ಎ.ಸಿ., ಮೂರು ಹುಡುಗರು, ಗೋಡೆಯ ತುಂಬ ಹೊಸ ಟವರ್‌ಗಳ ಚಿತ್ರ. ಮನೆ ನೋಡಲು ಬಂದವರು ಹಾಲಿನಲ್ಲಿ ನಿಂತು ಎರಡು ಫೋಟೊ ತೆಗೆದರು. "ಒಂದೂಕಾಲು ಕೋಟಿ ಬರುತ್ತದೆ, ನೀವು ಚಿಂತೆ ಬಿಡಿ" ಅಂದರು. ಬಂದು ಹತ್ತು ನಿಮಿಷ ಆಗಿರಲಿಲ್ಲ.

ಅತ್ತೆಯ ಮುಖ ಅರಳಿತು. ನಾನೂ ಮನಸ್ಸಿನಲ್ಲೇ ಕುಮಟೆಯ ಮನೆಗೆ ಇನ್ನೊಂದು ಕೋಣೆ ಸೇರಿಸಿಬಿಟ್ಟೆ. ಅವರು ಕೇಳಿದ್ದು ಎರಡು. ಶೇಕಡಾ 2 ಬ್ರೋಕರೇಜ್, ಆರು ತಿಂಗಳು ಬೇರೆ ಯಾರಿಗೂ ಕೊಡಬಾರದು. ಒಂದು ಪುಟದ ಕಾಗದ, ಅತ್ತೆಯ ಸಹಿ. ಕೀಲಿಯ ಒಂದು ಜೋಡಿ ಅವರ ಕೈಗೆ ಹೋಯಿತು.

ಆ ಬೆಲೆ ಎಲ್ಲಿಂದ ಬಂತು ಎಂದು ನಾವು ಕೇಳಬೇಕಿತ್ತು. ಬೆಲೆ ಜಾಸ್ತಿ ಹೇಳುವವರಿಗೆ ಮನೆ ಸಿಗುತ್ತದೆ ಎಂಬುದು ಈ ಧಂಧೆಯಲ್ಲಿ ಎಲ್ಲರಿಗೂ ಗೊತ್ತು. ಮಾಲೀಕರ ಸಹಿ ಸಿಕ್ಕಿದ ಮೇಲೆ ನಿಧಾನವಾಗಿ ಇಳಿಸಿದರಾಯಿತು. ನಮಗೂ ಹಾಗೇ ಆಯಿತು. ಮೊದಲ ತಿಂಗಳು "ಮಾರ್ಕೆಟ್ ಸ್ಲೋ". ಎರಡನೇ ತಿಂಗಳು "1 ಕೋಟಿ 5 ಲಕ್ಷ ಮಾಡಿ". ಆಮೇಲೆ ಒಬ್ಬ ಇನ್ವೆಸ್ಟರ್ ಬಂದ. 90 ಲಕ್ಷ, ಅದರಲ್ಲಿ 20 ಲಕ್ಷ ನಗದು. ಅತ್ತೆ ತಕ್ಷಣ ಬೇಡ ಅಂದರು. ಅವರ ಬುದ್ಧಿ ದೊಡ್ಡದು. ಸ್ಥಿರಾಸ್ತಿ ಮಾರುವಾಗ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮೇಲಾಗಿ ಆ ನಗದಿನಿಂದ ಕುಮಟೆಯಲ್ಲಿ ಸರಿಯಾದ ಕಾಗದದ ಮನೆ ಕೊಳ್ಳುವುದಾದರೂ ಹೇಗೆ?

ಜನವರಿಯಲ್ಲಿ ಒಂದು ಒಳ್ಳೆಯ ಪಾರ್ಟಿ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿ ಇರುವವರು. 98 ಲಕ್ಷಕ್ಕೆ ಮಾತಾಯಿತು. 1 ಲಕ್ಷದ ಟೋಕನ್ ಚೆಕ್ ಕೊಟ್ಟರು. ಅತ್ತೆ ದೇವರ ಮುಂದೆ ಆ ಚೆಕ್ ಇಟ್ಟು ಕೈಮುಗಿದರು.

ಮೂರು ವಾರ ಕಳೆದ ಮೇಲೆ ಅವರ ಬ್ಯಾಂಕಿನ ವಕೀಲರು ಕಾಗದ ವಾಪಸ್ ಮಾಡಿದರು. ಮೂರು ತಕರಾರು. ಅಗ್ರಿಮೆಂಟ್ ರಿಜಿಸ್ಟರ್ ಆಗಿತ್ತು, ಆದರೆ 1991ರಲ್ಲಿ ಸ್ಟ್ಯಾಂಪ್ ಡ್ಯೂಟಿ ಪೂರ್ತಿ ಕಟ್ಟಿರಲಿಲ್ಲ. ಎರಡನೆಯದು, ಮನೆ ಇದ್ದದ್ದು ಮಾವನ ಹೆಸರಿನಲ್ಲಿ. ಅತ್ತೆ ನಾಮಿನಿ ಎಂದು ಸೊಸೈಟಿ ಅವರ ಹೆಸರು ಹಾಕಿಕೊಟ್ಟಿತ್ತು. ನಾಮಿನಿ ಅಂದರೆ ಮಾಲೀಕ ಅಲ್ಲ. ಮಾವ ವಿಲ್ ಮಾಡಿರಲಿಲ್ಲ. ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅತ್ತೆ, ಭಾವ, ಅತ್ತಿಗೆ, ಮೂವರಿಗೂ ಸಮಪಾಲು. ಮಕ್ಕಳಿಬ್ಬರೂ ಹಕ್ಕು ಬಿಟ್ಟುಕೊಟ್ಟ ಕಾಗದ ಎಲ್ಲಿ ಎಂಬುದು ವಕೀಲರ ಪ್ರಶ್ನೆ. ಮೂರನೆಯದು ವಿಸ್ತೀರ್ಣ. ಜಾಹೀರಾತಿನಲ್ಲಿ 550 ಚದರ ಅಡಿ ಕಾರ್ಪೆಟ್, ಅಂದರೆ ಗೋಡೆಗಳ ಒಳಗಿನ ನೆಲದ ಅಳತೆ, ಎಂದಿತ್ತು. ಬ್ಯಾಂಕಿನವರು ಅಳೆದಾಗ ಅಷ್ಟು ಬರಲಿಲ್ಲ. ಅಗ್ರಿಮೆಂಟಿನ 550 ಅನ್ನುವುದು ಬಿಲ್ಟ್‌ಅಪ್ ಲೆಕ್ಕ. ಗೋಡೆ, ಬಾಲ್ಕನಿ ಎಲ್ಲ ಸೇರಿದ್ದು.

ಪಾರ್ಟಿ ಹೋಯಿತು. ಟೋಕನ್ ವಾಪಸ್ ಕೊಟ್ಟೆವು. ಆಗ ಬ್ರೋಕರ್ ಆಫೀಸಿನಿಂದ ಫೋನ್: "ಪಾರ್ಟಿ ತಂದಿದ್ದೇವೆ, ಟೋಕನ್ ಆಗಿದೆ, ನಮ್ಮ ಬ್ರೋಕರೇಜ್?" ಅತ್ತೆ ಸಹಿ ಮಾಡಿದ ಕಾಗದ ತೆಗೆದು ಓದಿದೆ. ಕೊನೆಯಿಂದ ಎರಡನೇ ಸಾಲಿನಲ್ಲಿ ಸ್ಪಷ್ಟವಾಗಿ ಇತ್ತು. ಟೋಕನ್ ಸ್ವೀಕರಿಸಿದ ದಿನವೇ ಬ್ರೋಕರೇಜ್ ಬಾಕಿ. ನಾನು ಅಕೌಂಟ್ಸ್ ಮನುಷ್ಯ. ದಿನವೂ ಬಿಲ್ಲಿನ ಶರತ್ತು ಓದುವವನು. ಇದನ್ನು ಓದದೆ ಅತ್ತೆಯ ಸಹಿ ಮಾಡಿಸಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಭಾವ ಪುಣೆಯಿಂದ ಬಂದರು. ಇಬ್ಬರೂ ಹೋಗಿ ಕೂತೆವು. ಕಾಗದ ಒಂದನ್ನೂ ನೋಡದೆ ಮನೆ ಜಾಹೀರಾತಿಗೆ ಹಾಕಿದ್ದು ನೀವು, ತಪ್ಪು ವಿಸ್ತೀರ್ಣ ಹಾಕಿದ್ದು ನೀವು ಎಂದು ಜಾಹೀರಾತಿನ ಪ್ರತಿ ಮುಂದಿಟ್ಟೆವು. ಎರಡು ಗಂಟೆ ಮಾತಾಯಿತು. 20,000 ರೂಪಾಯಿ ಚೆಕ್ ಕೊಟ್ಟು, ಕರಾರು ಮುಗಿದಿದೆ ಎಂದು ಬರೆಸಿಕೊಂಡು, ಕೀಲಿ ವಾಪಸ್ ತಂದೆವು.

ಬರುವಾಗ ಅವರ ಬೋರ್ಡಿನ ಕಡೆ ನೋಡಿದೆ. ಕೆಳಗೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನಂಬರ್ ಇತ್ತು. P ಅಕ್ಷರದಿಂದ ಶುರು. ಮನೆಗೆ ಬಂದು ಮಹಾರೇರಾ ವೆಬ್‌ಸೈಟ್ ತೆಗೆದ ಮೇಲೆ ಅರ್ಥವಾಯಿತು. P ಅಂದರೆ ಪ್ರಾಜೆಕ್ಟ್ ನಂಬರ್. ಯಾವುದೋ ಬಿಲ್ಡರ್‌ನ ಟವರಿನದು. ಏಜೆಂಟರ ನೋಂದಣಿ ಸಂಖ್ಯೆ A ಅಕ್ಷರದಿಂದ ಶುರುವಾಗುತ್ತದೆ. ಮುಂಬಯಿ ಉಪನಗರದ್ದಾದರೆ ಆಗ A518. ಮೂರು ತಿಂಗಳು ನಾನು ಆ ಬೋರ್ಡಿನ ಕೆಳಗೇ ಓಡಾಡಿದ್ದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ರೇರಾ ಕಾಯ್ದೆ 2016ರದ್ದು. ಏಜೆಂಟರು ನೋಂದಣಿ ಮಾಡಿಸಲೇಬೇಕು ಅನ್ನುವುದು ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟಿನ ಮನೆ ಮಾರುವಾಗ. ನಮ್ಮ ಸೊಸೈಟಿಯಂಥ ಮೂವತ್ತು ವರ್ಷದ ಕಟ್ಟಡದ ಮರುಮಾರಾಟಕ್ಕೆ ಆ ನಿಯಮ ನೇರವಾಗಿ ಅನ್ವಯಿಸುವುದಿಲ್ಲ. ಹಾಗಿದ್ದರೂ ನೋಂದಣಿ ಕೇಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮಹಾರಾಷ್ಟ್ರದಲ್ಲಿ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿದರು. 2024ರ ಜನವರಿ 1ರಿಂದ ಆ ಸರ್ಟಿಫಿಕೇಟ್ ಬೇಕೇ ಬೇಕು ಎಂದಾಯಿತು. ಪಾಸಾದವರೆಲ್ಲ ಪ್ರಾಮಾಣಿಕರು ಅಂತಲ್ಲ. ಆದರೆ ವಿಳಾಸ, ಫೋಟೊ, ಹೆಸರು ಸರ್ಕಾರಿ ದಾಖಲೆಯಲ್ಲಿ ಇರುವ ಮನುಷ್ಯ ನಾಳೆ ಸುಮ್ನೆ ಮಾಯವಾಗುವುದಿಲ್ಲ, ಅಲ್ವಾ?

ನಡುವೆ ಒಂದು ವಾರ

ಎರಡನೆಯವರ ಹತ್ತಿರ ಬಿಡಿಸಿಕೊಂಡ ಮೇಲೆ ಭಾವ, "ಇನ್ನು ಒಬ್ಬರಿಗೆ ಕೊಡೂದೇ ಬೇಡ, ಹತ್ತು ಜನಕ್ಕೆ ಹೇಳು" ಅಂದರು. ಸಿಟ್ಟಿನಲ್ಲಿ ಹಾಗೇ ಮಾಡಿದೆವು. ಒಂದು ವಾರದಲ್ಲಿ ಅದೇ ಮನೆ, ಅದೇ ನೀಲಿ ಸೋಫಾ, ಅದೇ ಕ್ಯಾಲೆಂಡರ್ ಇರುವ ಫೋಟೊ, ಬೇರೆ ಬೇರೆ ವೆಬ್‌ಸೈಟಿನಲ್ಲಿ ಮೂರು ಬೆಲೆಗೆ ಕಾಣಿಸಿತು: 1 ಕೋಟಿ 15 ಲಕ್ಷ, 1 ಕೋಟಿ 2 ಲಕ್ಷ, 94 ಲಕ್ಷ. ಕೊಳ್ಳುವವರು ಕಮ್ಮಿ ಬೆಲೆಯನ್ನೇ ಹಿಡಿದು ಮಾತು ಶುರು ಮಾಡುತ್ತಾರೆ. ಮೇಲಿಂದ, ಇಷ್ಟು ಜನರ ಕೈಯಲ್ಲಿ ಇದ್ದೂ ಮಾರಾಟ ಆಗಿಲ್ಲ ಅಂದರೆ ಮನೆಯಲ್ಲಿ ಏನೋ ಐಬಿದೆ ಎಂದು ಲೆಕ್ಕ ಹಾಕುತ್ತಾರೆ. ಅತ್ತೆಗೆ ದಿನಕ್ಕೆ ಹದಿನೈದು ಫೋನ್. ಮಧ್ಯಾಹ್ನ ಮಲಗಿದಾಗ ಬೆಲ್. ಒಂದೇ ವಾರಕ್ಕೆ ಎಲ್ಲರಿಗೂ ನಿಲ್ಲಿಸಿ ಎಂದು ಹೇಳಿದೆವು. ಹತ್ತು ಜನರಿಗೆ ಕೊಟ್ಟ ಕೆಲಸ ಯಾರ ಕೆಲಸವೂ ಆಗುವುದಿಲ್ಲ.

ಮೂರನೆಯವರು

ಅತ್ತೆಯ ಕೆಳಗಿನ ಮನೆಯವರು ಹೇಳಿದರು, ಹಿಂದಿನ ಲೇನಿನಲ್ಲಿ ಒಬ್ಬರು ಮರಾಠಿ ಹೆಂಗಸು ಇದ್ದಾರೆ, ಬಾಡಿಗೆ, ಮಾರಾಟ ಎರಡೂ ಮಾಡುತ್ತಾರೆ ಎಂದು. ಝೆರಾಕ್ಸ್ ಅಂಗಡಿಯ ಪಕ್ಕ ಎರಡು ಕುರ್ಚಿಯ ಆಫೀಸು. ಗೋಡೆಯ ಮೇಲೆ ಮಹಾರೇರಾ ಸರ್ಟಿಫಿಕೇಟ್, A518 ನಂಬರ್. ಈ ಸಲ ಆಫೀಸಿನಿಂದ ಹೊರಡುವ ಮೊದಲೇ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಹೆಸರು ಅವರದೇ.

ಫೆಬ್ರವರಿ ಕೊನೆಯ ಶನಿವಾರ ಮನೆಗೆ ಬಂದರು. ಶೇರ್ ಸರ್ಟಿಫಿಕೇಟ್ ಕೇಳಿದರು. ಅದರ ಹಿಂಬದಿಯ ಟ್ರಾನ್ಸ್‌ಫರ್ ಪಟ್ಟಿಯನ್ನು ಬೆರಳಿಟ್ಟು ಓದಿದರು. ಅಗ್ರಿಮೆಂಟ್ ಕೇಳಿದರು. ಮಾವನ ಡೆತ್ ಸರ್ಟಿಫಿಕೇಟ್, ನಾಮಿನೇಶನ್ ಫಾರ್ಮ್, ಕೊನೆಯ ಮೆಂಟೆನೆನ್ಸ್ ಬಿಲ್ ಕೇಳಿದರು. "ಕಾಕೂ, ಮಕ್ಕಳು ಎಷ್ಟು ಜನ? ಎಲ್ಲರಿಗೂ ಒಪ್ಪಿಗೆ ಇದೆಯಾ?" ಎಂದು ಅತ್ತೆಯನ್ನೇ ನೋಡಿ ಕೇಳಿದರು, ನನ್ನನ್ನಲ್ಲ. ಆಮೇಲೆ ಬ್ಯಾಗಿನಿಂದ ಟೇಪ್ ತೆಗೆದರು. ಒಂದು ತುದಿ ನಾನು ಹಿಡಿದೆ. ಒಳಗೋಡೆಯಿಂದ ಒಳಗೋಡೆಗೆ, ಕೋಣೆ ಕೋಣೆ ಅಳೆದು, ನೋಟುಬುಕ್ಕಿನಲ್ಲಿ ಬರೆದರು: 412 ಚದರ ಅಡಿ. ಬಾತ್‌ರೂಮಿನ ಹೊರಗೋಡೆಯಲ್ಲಿ ತೇವದ ಕಲೆ ಇತ್ತು. ಅದನ್ನು ಮುಟ್ಟಿ ನೋಡಿ, "ಬಣ್ಣ ಹಚ್ಚಿ ಮುಚ್ಚಬೇಡಿ. ರಿಪೇರಿ ಮಾಡಿಸಿ, ಇಲ್ಲದಿದ್ದರೆ ಮೊದಲೇ ಹೇಳೋಣ" ಅಂದರು.

ಇಷ್ಟಾದರೂ ಬೆಲೆಯ ಮಾತಿಲ್ಲ. ನಾನೇ ಕೇಳಿದೆ. ಸೋಮವಾರ ಆಫೀಸಿಗೆ ಬನ್ನಿ ಅಂದರು.

ಸೋಮವಾರ ಕಂಪ್ಯೂಟರಿನಲ್ಲಿ ನೋಂದಣಿ ಇಲಾಖೆಯ ಇ-ಸರ್ಚ್ ತೆಗೆದರು. ಮಹಾರಾಷ್ಟ್ರದಲ್ಲಿ ರಿಜಿಸ್ಟರ್ ಆದ ಮಾರಾಟಗಳ ಇಂಡೆಕ್ಸ್ ಟೂ, ಅಂದರೆ ದಾಖಲೆಯ ಸಾರಾಂಶದ ಪುಟ, ಅಲ್ಲಿ ಯಾರು ಬೇಕಾದರೂ ನೋಡಬಹುದು. ಜಿಲ್ಲೆ, ಗ್ರಾಮ, ವರ್ಷ, ಸಿ.ಟಿ.ಎಸ್. ನಂಬರ್ (ಜಾಗದ ಸರ್ವೆ ನಂಬರ್) ಹಾಕಿದರೆ ಸಾಕು. ಯಾವ ಮನೆ, ಎಷ್ಟು ವಿಸ್ತೀರ್ಣ, ಎಷ್ಟು ಮೊತ್ತ, ಎಲ್ಲ ಬರುತ್ತದೆ. ನಮ್ಮ ಲೇನಿನಲ್ಲಿ ಹಿಂದಿನ ವರ್ಷ ಆದ ಮೂರು ಮಾರಾಟಗಳನ್ನು ತೋರಿಸಿದರು. ಕಾರ್ಪೆಟ್ ಲೆಕ್ಕಕ್ಕೆ ತಂದು ಭಾಗಿಸಿದರು. ಲಿಫ್ಟ್ ಇಲ್ಲದ್ದಕ್ಕೆ ಸ್ವಲ್ಪ ಇಳಿಸಿದರು, ಸ್ಟೇಶನ್ ಹತ್ತಿರ ಎಂದು ಸ್ವಲ್ಪ ಏರಿಸಿದರು. "95ರಿಂದ 98 ಲಕ್ಷ. 1 ಕೋಟಿ 2 ಲಕ್ಷ ಹೇಳೋಣ." ಮನೆಗೆ ಬಂದು ರಾತ್ರಿ ನಾನೇ ಅದೇ ಹುಡುಕಾಟ ಮಾಡಿದೆ. ಅವರು ತೋರಿಸಿದ ಅಂಕಿಗಳೇ ಬಂದವು. ಒಂದೂಕಾಲು ಕೋಟಿಯ ಮಾರಾಟ ಆ ಲೇನಿನಲ್ಲಿ ಒಂದೂ ಇರಲಿಲ್ಲ.

ನಾನು ಅವರನ್ನು ಒಪ್ಪಿದ್ದು ಇದರಿಂದ ಮಾತ್ರ ಅಲ್ಲ. ಅದೇ ದಿನ ಅವರು ಇನ್ನೊಂದು ಮಾತು ಹೇಳಿದರು. "ನಿಮ್ಮ ಸೊಸೈಟಿಯಲ್ಲಿ ರೀಡೆವಲಪ್‌ಮೆಂಟ್, ಅಂದರೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆಯುತ್ತಿದೆ. ಅದು ಆದರೆ ಇದೇ ಜಾಗದಲ್ಲಿ ಲಿಫ್ಟ್ ಇರುವ, ಇದಕ್ಕಿಂತ ದೊಡ್ಡ ಮನೆ ಸಿಗಬಹುದು, ಬೆಲೆಯೂ ಜಾಸ್ತಿ. ಆದರೆ ಬಿಲ್ಡರ್ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ಮೇಲೂ ಖಾಲಿ ಮಾಡಿ ಕೆಲವು ವರ್ಷ ಬಾಡಿಗೆ ಮನೆಯಲ್ಲಿ ಇರಬೇಕು. ಕಾಕೂಗೆ ಕಾಯಲು ಆಗುತ್ತದೆ ಅಂದರೆ ಈಗ ಮಾರಬೇಡಿ. ಮನೆಯಲ್ಲಿ ಕೂತು ಯೋಚನೆ ಮಾಡಿ, ನನಗೆ ಆಮೇಲೆ ಹೇಳಿ." ಮಾರಾಟ ಆಗದಿದ್ದರೆ ಅವರಿಗೆ ಒಂದು ರೂಪಾಯಿಯೂ ಇಲ್ಲ. ಆದರೂ ಹೇಳಿದರು. ಅತ್ತೆ ಎರಡು ದಿನ ಯೋಚಿಸಿದರು. "ಅರವತ್ತೆಂಟಾಯ್ತು ನನಗೆ. ಹೊಸ ಮನೆಯ ಆಸೆಗೆ ಬಾಡಿಗೆ ಮನೆಯಲ್ಲಿ ಕೂತ್ಕಂಡು ಎಂತ ಮಾಡೂದು? ಮಾರೂದೇ" ಅಂದರು.

ಅವರು ಹಿಂದೆ ಮಾರಿಕೊಟ್ಟ ಒಂದು ಮನೆಯವರ ನಂಬರ್ ಕೇಳಿದೆ. ಕೊಟ್ಟರು. ಅವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಟೋಕನ್ ಆದ ಮೇಲೂ ಫೋನ್ ಎತ್ತುತ್ತಿದ್ದರಾ? "ಟೋಕನ್ ಆದ ಮೇಲೆಯೇ ಅವರ ಕೆಲಸ ಶುರು ಆದದ್ದು" ಎಂಬ ಉತ್ತರ ಬಂತು.

ಕರಾರು

ಈ ಸಲ ಕಾಗದ ನಾನೇ ಬರೆದೆ, ಅವರು ತಿದ್ದಿದರು. ಅವಧಿ 60 ದಿನ. ಅಷ್ಟು ದಿನ ಅವರೊಬ್ಬರಿಗೇ. ಬ್ರೋಕರೇಜ್ ಶೇಕಡಾ 1. ಅರ್ಧ ಅಗ್ರಿಮೆಂಟ್ ರಿಜಿಸ್ಟ್ರೇಶನ್ ದಿನ, ಅರ್ಧ ಪೂರ್ತಿ ಹಣ ಅತ್ತೆಯ ಖಾತೆಗೆ ಬಂದ ದಿನ. ಕಾಗದದ ಕಾರಣಕ್ಕೆ ವ್ಯವಹಾರ ಮುರಿದರೆ ಏನೂ ಇಲ್ಲ. ನೆಂಟರಲ್ಲೇ ಯಾರಾದರೂ ಕೊಂಡರೆ ಓಡಾಟದ ಖರ್ಚು ಮಾತ್ರ. ಕೀಲಿ ಅತ್ತೆಯ ಹತ್ತಿರವೇ. ಹಣ ಚೆಕ್ಕಿನಲ್ಲಿ, ಬಿಲ್ ಕೊಡಬೇಕು. ಬಿಲ್ ಯಾಕೆ ಅಂದರೆ, ಮಾರಾಟದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಬ್ರೋಕರೇಜ್ ಖರ್ಚನ್ನು ಕಳೆಯಬಹುದು. ನಗದು ಕೊಟ್ಟರೆ ಅದನ್ನು ತೋರಿಸುವುದು ಹೇಗೆ?

ಕೊಳ್ಳುವವರಿಂದಲೂ ಶೇಕಡಾ 1 ತೆಗೆದುಕೊಳ್ಳುತ್ತೇನೆ ಎಂದು ಅವರೇ ಹೇಳಿದರು. ಮುಂಬಯಿಯಲ್ಲಿ ಇದು ರೂಢಿ. ನನಗೆ ಇದು ಸರಿ ಕಾಣುವುದಿಲ್ಲ. ಎರಡೂ ಕಡೆಯಿಂದ ಹಣ ತೆಗೆದುಕೊಳ್ಳುವವರು ಯಾರ ಪರ ಮಾತಾಡಬೇಕು? ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. ಬೆಲೆ 3 ಲಕ್ಷ ಜಾಸ್ತಿ ಆದರೆ ನಮಗೆ 3 ಲಕ್ಷ, ಬ್ರೋಕರ್‌ಗೆ ನಮ್ಮ ಕಡೆಯಿಂದ 3,000. ಆ 3,000ಕ್ಕಾಗಿ ಇನ್ನೊಂದು ತಿಂಗಳು ಕಾಯುವ ಬದಲು ಬೇಗ ಮುಗಿಸುವುದೇ ಅವರಿಗೆ ಲಾಭ. ಇದು ಅವರ ಕೆಟ್ಟತನ ಅಲ್ಲ, ವ್ಯವಸ್ಥೆ ಇರುವುದೇ ಹಾಗೆ. ಇದನ್ನು ನೇರವಾಗಿ ಕೇಳಿದೆ. ಅವರು ಹೇಳಿದ್ದು: "ಕೊನೆಯ ಬೆಲೆಯ ಮಾತು ನಾನು ಆಡುವುದಿಲ್ಲ. ಎರಡೂ ಕಡೆಯವರನ್ನು ಎದುರು ಕೂರಿಸುತ್ತೇನೆ, ನೀವೇ ಮಾತಾಡಿ." ಹಾಗೇ ಬರೆದುಕೊಂಡೆವು.

ಕಾಗದ ರಿಪೇರಿ

ಮಾರ್ಚ್ ತಿಂಗಳು ಪೂರ್ತಿ ಇದಕ್ಕೇ ಹೋಯಿತು. ಸ್ಟ್ಯಾಂಪ್ ಡ್ಯೂಟಿ ಕಮ್ಮಿ ಕಟ್ಟಿದ್ದರೆ ಮಹಾರಾಷ್ಟ್ರದಲ್ಲಿ ತಿಂಗಳಿಗೆ ಶೇಕಡಾ 2ರ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ಆದರೆ 2023ರ ಡಿಸೆಂಬರ್ 1ರಿಂದ ಸರ್ಕಾರ ಅಭಯ ಯೋಜನೆ ತಂದಿತ್ತು. 1980ರಿಂದ 2020ರ ನಡುವಿನ ಹಳೆಯ ದಾಖಲೆಗಳಿಗೆ ಡ್ಯೂಟಿಯಲ್ಲೂ ದಂಡದಲ್ಲೂ ದೊಡ್ಡ ರಿಯಾಯಿತಿ. ಬ್ರೋಕರ್ ಮೇಡಂ ಅದನ್ನು ನೋಡಿಯೇ ನಮಗೆ ಅರ್ಜಿ ಹಾಕಿಸಿದರು. ಎರಡನೆಯವರ ಆಫೀಸಿನಲ್ಲಿ ನಾವು ಕೂತಿದ್ದಾಗಲೂ ಆ ಯೋಜನೆ ಜಾರಿಯಲ್ಲಿತ್ತು. ಆಗ ಯಾರೂ ಅದರ ಮಾತೇ ಎತ್ತಿರಲಿಲ್ಲ.

ಯುಗಾದಿಗೆ ಅತ್ತಿಗೆ ಹುಬ್ಬಳ್ಳಿಯಿಂದ ಬಂದರು, ಭಾವ ಪುಣೆಯಿಂದ. ಹಬ್ಬ ಮುಗಿಸಿ ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ತಮ್ಮ ಪಾಲು ಅಮ್ಮನಿಗೆ ಬಿಟ್ಟುಕೊಟ್ಟ ರಿಲೀಸ್ ಡೀಡ್ ರಿಜಿಸ್ಟರ್ ಮಾಡಿಸಿದರು. ಅತ್ತಿಗೆ ಹೆಬ್ಬೆರಳು ಒತ್ತುವಾಗ ಅತ್ತೆ ಪಕ್ಕದಲ್ಲಿ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಹಕ್ಕು ಬಿಡುವುದು ಕಾಗದದಲ್ಲಿ ಎರಡು ಸಾಲು. ಮನೆಯವರಿಗೆ ಅದು ಸಣ್ಣ ಮಾತಲ್ಲ.

ಮಾರಾಟ

ಕಾಗದಗಳ ಝೆರಾಕ್ಸ್ ಫೈಲ್ ಒಂದು ಸಿದ್ಧವಾಯಿತು. ಜಾಹೀರಾತಿನಲ್ಲಿ 412 ಚದರ ಅಡಿ ಕಾರ್ಪೆಟ್ ಎಂದೇ ಹಾಕಿದರು. ಪಾರ್ಕಿಂಗ್ ಮನೆಯ ಜೊತೆ ಬರುವುದಿಲ್ಲ, ಸೊಸೈಟಿ ಚೀಟಿ ಎತ್ತಿ ಕೊಡುತ್ತದೆ ಎಂದೂ ಬರೆದರು. ಮನೆ ತೋರಿಸುವುದು ಸಂಜೆ ನಾಲ್ಕರ ಮೇಲೆ, ಪಶ್ಚಿಮದ ಕಿಟಕಿಯಿಂದ ಬೆಳಕು ಬರುವ ಹೊತ್ತಿಗೆ. ವಾರಕ್ಕೆ ಎರಡು ದಿನ ಮಾತ್ರ, ಅತ್ತೆಗೆ ಮೊದಲೇ ಹೇಳಿ. ಬಂದವರು ಕಮ್ಮಿ, ಒಂಬತ್ತು ಮನೆಯವರು. ಆದರೆ ಒಂಬತ್ತೂ ಜನ ಸಾಲ ಎಷ್ಟು ಸಿಗುತ್ತದೆ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡೇ ಬಂದವರು.

ಏಪ್ರಿಲ್ ಕೊನೆಯಲ್ಲಿ ಭಾಂಡುಪಿನಿಂದ ಒಬ್ಬ ಗಂಡ ಹೆಂಡತಿ ಬಂದರು, ಸಣ್ಣ ಮಗು. ಮೇಡಂ ಆಫೀಸಿನಲ್ಲಿ ಬೈಠಕ್. ಅವರು 95, ನಾವು 1 ಕೋಟಿ. ಅವರು 97ಕ್ಕೆ ಬಂದು ನಿಂತರು. ನಾವು 98ಕ್ಕೆ. ಅರ್ಧ ಗಂಟೆ ಯಾರೂ ಅಲ್ಲಾಡಲಿಲ್ಲ. ಆಗ ಮೇಡಂ ಕೊಳ್ಳುವವರಿಗೆ ಒಂದು ದಾರಿ ಹೇಳಿದರು. ಮುಂಬಯಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇಕಡಾ 6. ಮನೆ ಹೆಂಡತಿಯ ಹೆಸರಿನಲ್ಲಿ ಮಾತ್ರ ಕೊಂಡರೆ ಶೇಕಡಾ 1 ರಿಯಾಯಿತಿ. ಸುಮಾರು 97 ಸಾವಿರ ಉಳಿಯುತ್ತದೆ. ಅದರಲ್ಲಿ ಅರ್ಧ ಕಾಕೂಗೆ ಕೊಡಿ. ಗಂಡ ಹೆಂಡತಿ ಮುಖ ನೋಡಿಕೊಂಡರು. 97 ಲಕ್ಷ 50 ಸಾವಿರಕ್ಕೆ ಮುಗಿಯಿತು. ಬ್ರೋಕರ್ ಅನ್ನುವವರು ಯಾವ ಕೆಲಸಕ್ಕೆ ಬೇಕು ಎಂದು ನನಗೆ ಆ ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಬ್ಯಾಂಕಿನ ವಕೀಲರು ಈ ಸಲ ಒಂದೂ ತಕರಾರು ತೆಗೆಯಲಿಲ್ಲ. ಸೊಸೈಟಿಯಲ್ಲಿ ಮಾತ್ರ ಸ್ವಲ್ಪ ಎಳೆದಾಟ ಆಯಿತು. ಟ್ರಾನ್ಸ್‌ಫರ್‌ಗೆ 1 ಲಕ್ಷ ಡೊನೇಶನ್ ಎಂದು ಕಮಿಟಿಯವರು ಕೇಳಿದರು. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ಟ್ರಾನ್ಸ್‌ಫರ್ ಪ್ರೀಮಿಯಂ 25,000 ರೂಪಾಯಿ ಮೀರುವಂತಿಲ್ಲ. 2001ರ ಸರ್ಕಾರಿ ಸುತ್ತೋಲೆ ಅದು. ಮೇಡಂ ಅದರ ಪ್ರತಿಯನ್ನು ಫೈಲಿನಲ್ಲೇ ಇಟ್ಟುಕೊಂಡಿದ್ದರು. ಜಗಳ ಮಾಡದೆ ಕಮಿಟಿ ಸೆಕ್ರೆಟರಿಯ ಮೇಜಿನ ಮೇಲಿಟ್ಟು ಬಂದರು. 25,000ಕ್ಕೆ ರಸೀದಿ ಸಿಕ್ಕಿತು.

ಅಕ್ಷಯ ತೃತೀಯ ಕಳೆದ ಮೇಲೆ ಅಗ್ರಿಮೆಂಟ್ ರಿಜಿಸ್ಟರ್ ಆಯಿತು. ಬೆಲೆ 50 ಲಕ್ಷಕ್ಕಿಂತ ಹೆಚ್ಚಾದ್ದರಿಂದ ಕೊಳ್ಳುವವರು ಶೇಕಡಾ 1 ಟಿ.ಡಿ.ಎಸ್. (ಮೊದಲೇ ಕಡಿಯುವ ಆದಾಯ ತೆರಿಗೆ), ಅಂದರೆ 97,500 ರೂಪಾಯಿ, ಕಡಿದು ಅತ್ತೆಯ ಪ್ಯಾನ್ ಮೇಲೆ ಕಟ್ಟಿದರು. ಜೂನ್ ಕೊನೆಯ ವಾರ ಬ್ಯಾಂಕಿನ ಹಣ ಖಾತೆಗೆ ಬಂತು. ಮೊಬೈಲಿಗೆ ಬಂದ ಮೆಸೇಜನ್ನು ಅತ್ತೆ ನನ್ನ ಕೈಯಲ್ಲಿ ಎರಡು ಸಲ ಓದಿಸಿದರು. ಆಮೇಲೆ ಕೀಲಿ ಕೊಟ್ಟರು.

ಬ್ರೋಕರೇಜಿನ ಎರಡನೇ ಕಂತಿನ ಚೆಕ್ಕನ್ನು ಅತ್ತೆ ತಾವೇ ಬರೆಯುತ್ತೇನೆ ಎಂದು ಹಟ ಹಿಡಿದರು. 48,750 ರೂಪಾಯಿ. ಅಕ್ಷರದಲ್ಲಿ ಬರೆಯುವಾಗ ಒಮ್ಮೆ ತಪ್ಪಾಗಿ, ಇನ್ನೊಂದು ಹಾಳೆ ತೆಗೆದು ನಿಧಾನವಾಗಿ ಬರೆದರು. ಜೊತೆಗೆ ಊರಿನಿಂದ ತಂದಿಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟ್ಲಿ. ಮೇಡಂ ಬಿಲ್ ಕೊಟ್ಟರು. ಹೊರಡುವ ಮೊದಲು, "ಕಾಕೂ, ಎರಡು ವರ್ಷದ ಒಳಗೆ ಊರಿನ ಮನೆ ತೆಗೆದುಕೊಳ್ಳಿ, ತೆರಿಗೆ ಉಳಿಯುತ್ತದೆ. ಅಲ್ಲಿಯೂ ಕಾಗದ ವಕೀಲರಿಗೆ ತೋರಿಸಿ" ಅಂದರು.

ಜುಲೈ ಮೊದಲ ವಾರ ಠಾಣೆಯಲ್ಲಿ ಅತ್ತೆಯನ್ನು ಮತ್ಸ್ಯಗಂಧ ರೈಲು ಹತ್ತಿಸಿದೆ. ಆ ಪ್ಲಾಸ್ಟಿಕ್ ಕವರ್ ಅತ್ತೆಯ ಕೈಚೀಲದಲ್ಲೇ ಇತ್ತು. ಒಳಗಿದ್ದದ್ದು ಈಗ ಬರೀ ಝೆರಾಕ್ಸ್.